ಘಟ್ಟದ ಮೇಲಿನ ಗಣಕ ಪಾಠ

ಪ್ರತಿ ಡೆಸ್ಕ್‌ಟಾಪ್ ಕಂಪ್ಯೂಟರಿನ ಹೊಟ್ಟೆಯೊಳಗೆ, ಮದರ್‌ಬೋರ್ಡಿನ ಒಂದು ಮೂಲೆಯಲ್ಲಿ ರೂಪಾಯಿ ನಾಣ್ಯದಗಲದ ಒಂದು ಸೆಲ್ ಕುಳಿತಿರುತ್ತದೆ. ಹೆಸರು ಸಿಆರ್ 2032, ವಿದ್ಯುತ್ ಒತ್ತಡ 3 ವೋಲ್ಟ್. ಕರೆಂಟ್ ಇಲ್ಲದಾಗಲೂ ಯಂತ್ರದ ಗಡಿಯಾರ ನಡೆಯುವಂತೆ ನೋಡಿಕೊಳ್ಳುವುದು ಅದರ ಕೆಲಸ. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದು, ಮೇನ್ ಸ್ವಿಚ್ ತೆಗೆದಿಟ್ಟರೆ ಆ ಸೆಲ್ ಒಂದೇ ಗಡಿಯಾರವನ್ನು ಕಾಯಬೇಕು. ಹಳೆಯದಾಗಿದ್ದರೆ ಕಾಯುವುದಿಲ್ಲ. ಜೂನ್‌ನಲ್ಲಿ ಮಾಸ್ತರು ಕಂಪ್ಯೂಟರ್ ಹಾಕಿದಾಗ ತೆರೆಯ ಮೇಲೆ ಎಷ್ಟೋ ವರ್ಷ ಹಿಂದಿನ ತಾರೀಖು ಮೂಡುತ್ತದೆ. ತಾರೀಖು ತಪ್ಪಿದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರ ತಾಳೆಯಾಗುವುದಿಲ್ಲ. ಬ್ರೌಸರ್ ಯಾವ ಪುಟವನ್ನೂ ತೆರೆಯಲು ಒಪ್ಪುವುದಿಲ್ಲ, ಅಪಾಯವಿದೆ ಎಂದು ಕೆಂಪು ಬಣ್ಣದಲ್ಲಿ ಎಚ್ಚರಿಸುತ್ತದೆ. ಕಾರಣ ಗೊತ್ತಿದ್ದವರಿಗೆ ಇದು ಐದು ನಿಮಿಷದ ಕೆಲಸ. ಗೊತ್ತಿಲ್ಲದಿದ್ದರೆ ಮೇಲಿನ ಕಚೇರಿಗೆ ಒಂದು ಪತ್ರ ಹೋಗುತ್ತದೆ, ಲ್ಯಾಬಿಗೆ ಬೀಗ ಬೀಳುತ್ತದೆ, ಆ ವರ್ಷದ ಮಕ್ಕಳು ಕೀಲಿಮಣೆ ಮುಟ್ಟದೆಯೇ ಮುಂದಿನ ತರಗತಿಗೆ ಹೋಗುತ್ತಾರೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳು. ಇಲ್ಲಿ ಕಂಪ್ಯೂಟರ್ ಶಿಕ್ಷಣ ಎಲ್ಲಿ ಬೇರು ಬಿಟ್ಟಿದೆ, ಎಲ್ಲಿ ಒಣಗಿದೆ ಎಂದು ಹುಡುಕುತ್ತ ಹೋದರೆ ಯಂತ್ರ ಎಷ್ಟು ಹೊಸದು ಎಂಬುದಕ್ಕಿಂತ, ಅದರ ಪಕ್ಕದಲ್ಲಿ ದಿನವೂ ಯಾರಿದ್ದಾರೆ ಎಂಬುದೇ ಮುಖ್ಯವಾಗಿ ಕಾಣುತ್ತದೆ. ಯಂತ್ರ ಕೆಟ್ಟರೆ ತನ್ನ ಕೆಲಸವೇ ನಿಂತಿತು ಎಂದು ಚಡಪಡಿಸುವ ಮನುಷ್ಯನಿದ್ದ ಕಡೆ ಕಲಿಕೆ ನಡೆದಿದೆ.

ಸರ್ಕಾರಿ ಶಾಲೆಗೆ ಕಂಪ್ಯೂಟರ್ ತರುವ ಪ್ರಯತ್ನ ಹೊಸದೇನಲ್ಲ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಟ್ಟಿತ್ತು. ಕರ್ನಾಟಕದಲ್ಲಿ 2001ರ ಹೊತ್ತಿಗೆ ‘ಮಾಹಿತಿ ಸಿಂಧು’ ಬಂತು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಖಾಸಗಿ ತರಬೇತಿ ಸಂಸ್ಥೆಗಳ ಮೂಲಕ ಕಂಪ್ಯೂಟರ್ ಪಾಠ ಶುರುವಾಯಿತು. 2004ರ ಡಿಸೆಂಬರಿನಲ್ಲಿ ಕೇಂದ್ರದ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ಆರಂಭವಾಗಿ, ರಾಜ್ಯ ಅದನ್ನು ಹಂತಹಂತವಾಗಿ ಜಾರಿಗೆ ತಂದಿತು. ಗುತ್ತಿಗೆ ಹಿಡಿದ ಕಂಪನಿಯೇ ಲ್ಯಾಬ್ ಕಟ್ಟಿ, ಐದು ವರ್ಷ ನಡೆಸಿ, ಆಮೇಲೆ ಶಾಲೆಗೆ ಬಿಟ್ಟುಕೊಡುವ ಪದ್ಧತಿ ಅದು.

ಆ ಐದು ವರ್ಷದ ಲೆಕ್ಕಾಚಾರದಲ್ಲೇ ಸೋಲು ಅಡಗಿತ್ತು. ಗುತ್ತಿಗೆ ಮುಗಿದ ದಿನ ಕಂಪನಿಯ ಬೋಧಕ ಮನೆಗೆ ಹೋದ, ಯಂತ್ರಗಳು ಶಾಲೆಯಲ್ಲಿ ಉಳಿದವು. ಯಂತ್ರಕ್ಕೂ ಐದು ವರ್ಷ ತುಂಬಿತ್ತು. ಯುಪಿಎಸ್‌ನ ಬ್ಯಾಟರಿ ಅದಕ್ಕಿಂತ ಮೊದಲೇ ಸತ್ತಿತ್ತು. ಕೆಲವೆಡೆ ಒಂದೇ ಸಿಪಿಯುಗೆ ನಾಲ್ಕಾರು ತೆರೆಗಳನ್ನು ಜೋಡಿಸಿದ ವ್ಯವಸ್ಥೆಯಿತ್ತು. ಖರ್ಚು ಕಡಿಮೆ ಎನ್ನುವುದು ನಿಜ, ಆದರೆ ಆ ಒಂದು ಸಿಪಿಯು ಹೋದರೆ ಅಷ್ಟೂ ತೆರೆಗಳು ಒಟ್ಟಿಗೇ ಕಪ್ಪಾಗುತ್ತಿದ್ದವು. ಯಂತ್ರವನ್ನು ಶಾಲೆಗೆ ಒಪ್ಪಿಸಿದ ಯೋಜನೆ, ಅದನ್ನು ನಡೆಸುವ ವಿದ್ಯೆಯನ್ನು ಶಾಲೆಗೆ ಒಪ್ಪಿಸಲೇ ಇಲ್ಲ.

ಜೋಯಿಡಾದಲ್ಲಿ ಈ ಸಮಸ್ಯೆಗೆ ಕಾಡೂ ಮಳೆಯೂ ಸೇರಿಕೊಳ್ಳುತ್ತವೆ. ಜಿಲ್ಲೆಯ ಅತಿ ವಿಸ್ತಾರದ ತಾಲ್ಲೂಕು ಇದು. 2011ರ ಜನಗಣತಿಯಲ್ಲಿ ಇದ್ದವರು ಸುಮಾರು 52 ಸಾವಿರ ಜನ. ಬಹುಪಾಲು ನೆಲ ಕಾಡು, ಅದರಲ್ಲಿ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಪಟ್ಟಣ ನೀರಿನಡಿಗೆ ಹೋಯಿತು, ಮುಳುಗಡೆಯಾದವರಲ್ಲಿ ಅನೇಕರು ಇದೇ ತಾಲ್ಲೂಕಿನ ರಾಮನಗರಕ್ಕೆ ಬಂದು ನೆಲೆಸಿದರು. ಕಾಳಿಯ ನೀರಿನಿಂದ ನಾಗಝರಿಯಲ್ಲಿ ತಯಾರಾಗುವ ವಿದ್ಯುತ್ತು ನಾಡಿನ ಊರೂರಿಗೆ ಹರಿಯುತ್ತದೆ. ಆದರೆ ಜೋಯಿಡಾದ ಕಾಡಿನ ವಾಡೆಗಳಿಗೆ ಬರುವ ತಂತಿಯ ಮೇಲೆ ಮಳೆಗಾಲದಲ್ಲಿ ಮರ ಬೀಳುತ್ತದೆ, ಬಿದ್ದದ್ದು ಎಲ್ಲಿ ಎಂದು ಹುಡುಕಲು ಲೈನ್‌ಮನ್ ಕಾಡೊಳಗೆ ನಡೆಯಬೇಕು. ಕರೆಂಟು ಅಂದೇ ಬರಬಹುದು, ನಾಲ್ಕು ದಿನ ಬಿಟ್ಟೂ ಬರಬಹುದು.

ಕರೆಂಟು ಬಂದರೂ ತೇವ ಬಿಡುವುದಿಲ್ಲ. ಘಟ್ಟದ ಜುಲೈ ತಿಂಗಳಲ್ಲಿ ಗೋಡೆಗೆ ಬೂಸಲು ಹಿಡಿಯುವಂತೆ ಸರ್ಕ್ಯೂಟ್ ಬೋರ್ಡಿಗೂ ಹಿಡಿಯುತ್ತದೆ. ಸಣ್ಣಿರುವೆಗಳು ಬೆಚ್ಚಗಿನ ಜಾಗ ಹುಡುಕಿ ಸಿಪಿಯು ಒಳಗೆ ಗೂಡು ಹೂಡುತ್ತವೆ. ರ‍್ಯಾಮ್ ಕೂರುವ ಸಂದಿಯಲ್ಲಿ ಕಿಲುಬು ಕಟ್ಟುತ್ತದೆ. ರ‍್ಯಾಮ್ ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಒರೆಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ‘ಸತ್ತ’ ಕಂಪ್ಯೂಟರ್ ಎಷ್ಟೋ ಸಲ ಎದ್ದು ಕೂರುತ್ತದೆ. ರಿಪೇರಿ ಅಂಗಡಿಯ ಹುಡುಗರೆಲ್ಲರಿಗೂ ಗೊತ್ತಿರುವ ಉಪಾಯವಿದು. ಆದರೆ ರಿಪೇರಿ ಅಂಗಡಿ ಇರುವುದು ಪೇಟೆಯಲ್ಲಿ. ಕಾಡೊಳಗಿನ ಶಾಲೆಯಿಂದ ಸಿಪಿಯುವನ್ನು ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿಕೊಂಡು ಬರಬೇಕು, ಅದೂ ಬಸ್ಸು ಇದ್ದರೆ.

2020ರಲ್ಲಿ ಶಾಲೆಗಳು ಮುಚ್ಚಿದಾಗ ನಾಡಿಗೆಲ್ಲ ಈ ಅಂತರ ಕಾಣಿಸಿತು. ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ಪೇಟೆಯ ಮಕ್ಕಳಿಗೆ ಮೊಬೈಲಿನಲ್ಲಿ ತರಗತಿ ನಡೆದವು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು, ಪ್ಲಾಸ್ಟಿಕ್ ಹಾಳೆಯ ಗುಡಿಸಲು ಕಟ್ಟಿ ಮಳೆಯಲ್ಲಿ ಕುಳಿತು ಪಾಠ ಕೇಳಿದರು. ಆ ಆಗಸ್ಟಿನಲ್ಲಿ ‘ವಿದ್ಯಾಗಮ’ ಶುರುವಾದಾಗ ಶಿಕ್ಷಕರೇ ಊರಿಗೆ ಹೋಗಿ ದೇವಸ್ಥಾನದ ಕಟ್ಟೆ, ಮರದ ನೆರಳು, ಮನೆಯ ಜಗಲಿಗಳಲ್ಲಿ ಪಾಠ ಮಾಡಿದರು. ಕೊರೊನಾ ಹರಡುವ ಭೀತಿಯಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ನೆಟ್‌ವರ್ಕ್ ಇಲ್ಲದ ಊರಿನ ಮಕ್ಕಳ ಪಾಲಿಗೆ ಆ ಎರಡು ತಿಂಗಳೇ ಆ ಕಾಲದ ನಿಜವಾದ ಶಾಲೆ.

ಆಮೇಲೆ ಕೆಲಸ ನಡೆದಿಲ್ಲವೆಂದಲ್ಲ. 2022ರ ಜುಲೈನಲ್ಲಿ ಕೇಂದ್ರ ಸಂಪುಟ ಮೊಬೈಲ್ ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ ಬಿಎಸ್ಎನ್ಎಲ್ ಮೂಲಕ 4ಜಿ ತಲುಪಿಸಲು 26,316 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆದರೆ ಕಾಡಿನಲ್ಲಿ ಟವರ್ ಏಳಬೇಕಾದರೆ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅಲ್ಲಿಗೆ ಕರೆಂಟಿನ ತಂತಿ ಹೋಗಬೇಕು, ಕರೆಂಟ್ ಹೋದಾಗ ನಡೆಸಲು ಬ್ಯಾಟರಿಯಾದರೂ ಡೀಸೆಲ್ಲಾದರೂ ಇರಬೇಕು. ಕಬ್ಬಿಣದ ಕಂಬ ನಿಂತ ಮಾತ್ರಕ್ಕೆ ಸಿಗ್ನಲ್ ಬಂದಂತಲ್ಲ ಎಂಬುದು ಇಲ್ಲಿನವರಿಗೆ ಚೆನ್ನಾಗಿ ಗೊತ್ತು.

ಅದಕ್ಕಾಗಿಯೇ ಇಂಟರ್‌ನೆಟ್ ಬೇಡದ ಕಲಿಕೆಗೆ ಈ ಸೀಮೆಯಲ್ಲಿ ಹೆಚ್ಚು ಬೆಲೆ. 2011ರ ಸುಮಾರಿಗೆ ರಾಜ್ಯದ ಶಿಕ್ಷಣ ಇಲಾಖೆ ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಜೊತೆಗೂಡಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿತು. ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ಉಬುಂಟುವಿನಂಥ ಮುಕ್ತ ತಂತ್ರಾಂಶಗಳನ್ನು ಕಲಿಸಿತು. 2016-17ರಲ್ಲಿ ಬಂದ ‘ಟಾಲ್ಪ್’ ಕಾರ್ಯಕ್ರಮವೂ ಹೊರಗಿನ ಬೋಧಕನ ಬದಲು ಶಾಲೆಯ ಶಿಕ್ಷಕರನ್ನೇ ತರಬೇತಿಗೆ ಕರೆಯಿತು. ಹಿಂದಿನ ಯೋಜನೆಗಳಿಗಿಂತ ಇದು ಸರಿಯಾದ ದಾರಿ. ಕಲಿತ ಶಿಕ್ಷಕ ವರ್ಗವಾಗಿ ಬೇರೆ ಶಾಲೆಗೆ ಹೋದರೂ ವಿದ್ಯೆ ಅವರ ಜೊತೆಗೇ ಹೋಗುತ್ತದೆ, ಗುತ್ತಿಗೆಯಂತೆ ಅವಧಿ ಮುಗಿದು ಆವಿಯಾಗುವುದಿಲ್ಲ.

ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶವನ್ನೇ ನೋಡಿ. ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ಇಂಟರ್‌ನೆಟ್ ಬೇಕಿಲ್ಲ. ಅಕ್ಕೋರು ತೆರೆಯ ಮೇಲೆ ಮೂರು ಬಿಂದು ಇಟ್ಟು ತ್ರಿಭುಜ ಎಳೆದು, ಮೂರು ಕೋನಗಳ ಅಳತೆ ಮೂಡಿಸಿ, ಪಕ್ಕದಲ್ಲಿ ಮೊತ್ತ ಬರುವಂತೆ ಮಾಡುತ್ತಾರೆ. ಒಂದು ಮಗು ಬಂದು ಮೌಸ್ ಹಿಡಿದು ಮೇಲಿನ ಶೃಂಗವನ್ನು ಎಳೆಯುತ್ತದೆ. ತ್ರಿಭುಜ ಚೂಪಾಗುತ್ತದೆ, ಚಪ್ಪಟೆಯಾಗುತ್ತದೆ, ಕೋನಗಳ ಅಂಕಿಗಳು ಓಡಾಡುತ್ತವೆ, ಮೊತ್ತ ಮಾತ್ರ 180 ಬಿಟ್ಟು ಕದಲುವುದಿಲ್ಲ. ಶೃಂಗವನ್ನು ಪಾದದ ಗೆರೆಯ ಮೇಲೇ ತಂದು ಕೂರಿಸಿದರೆ ಏನಾಗುತ್ತದೆ ಎಂದು ಯಾರೋ ಕೇಳುತ್ತಾರೆ. ಕರಿಹಲಗೆಯ ಮೇಲಿನ ತ್ರಿಭುಜ ಹುಟ್ಟಿಸಲಾರದ ಪ್ರಶ್ನೆ ಅದು.

ಆ ಪ್ರಶ್ನೆ ಮಗುವಿನ ಮನಸ್ಸಿನಲ್ಲಿ ಯಾವ ಭಾಷೆಯಲ್ಲಿ ಹುಟ್ಟುತ್ತದೆ ಎಂಬುದೂ ಇಲ್ಲಿ ಮುಖ್ಯ. ಜೋಯಿಡಾದ ಕುಣಬಿ ಮನೆಗಳ ಮಾತು ಕೊಂಕಣಿ, ಗೌಳಿಗಳದು ಮರಾಠಿಯ ಒಂದು ಬಗೆ, ಸಿದ್ದಿಗಳು ಮನೆಯಲ್ಲಿ ಆಡುವುದು ತಮ್ಮದೇ ಕೊಂಕಣಿ. ಹಳಿಯಾಳದಲ್ಲಿ ಮರಾಠಿ, ಕನ್ನಡ ಎರಡೂ ಓಡಾಡುತ್ತವೆ. ಕಾಗದ ಕಾರ್ಖಾನೆಗೆ ದೇಶದ ನಾನಾ ಕಡೆಯಿಂದ ಬಂದವರ ದಾಂಡೇಲಿಯಲ್ಲಿ ಉರ್ದು, ಹಿಂದಿ, ತೆಲುಗು ಕೂಡ. ಹೀಗಿರುವಾಗ ಕನ್ನಡದ ಪಾಠವೇ ಮಗುವಿಗೆ ಎರಡನೆಯ ಭಾಷೆ, ಇಂಗ್ಲಿಷಿನ ತೆರೆ ಮೂರನೆಯದೋ ನಾಲ್ಕನೆಯದೋ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಕಂಪ್ಯೂಟರನ್ನು ಕನ್ನಡಕ್ಕೆ ಒಗ್ಗಿಸಿದವು. ಅದರ ಮುಂದಿನ ಮೆಟ್ಟಿಲು, ಅಂದರೆ ಕೊಂಕಣಿಯಲ್ಲಿ ಯೋಚಿಸಿ ಕನ್ನಡದಲ್ಲಿ ಉತ್ತರಿಸುವ ಮಗುವಿಗೆ ತಕ್ಕ ಡಿಜಿಟಲ್ ಪಾಠ ತಯಾರಿಸುವ ಕೆಲಸ, ಬಹುಮಟ್ಟಿಗೆ ಬಾಕಿಯಿದೆ.

ದಾಂಡೇಲಿಯ ಕಥೆಯೇ ಬೇರೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಈ ಊರಿಗೆ ಯಂತ್ರದ ಸಂಸ್ಕೃತಿ ಕೊಟ್ಟಿತು. ಪಾಳಿಯ ಸೈರನ್ನಿಗೆ ದಿನಚರಿ ಹೊಂದಿಸಿಕೊಂಡ ಊರು ಇದು. ಬೇರಿಂಗು, ಬಾಯ್ಲರು, ವಾಲ್ವುಗಳ ಮಾತು ಮನೆಯ ಜಗಲಿಯಲ್ಲೂ ನಡೆಯುತ್ತದೆ. ಇಂಥ ಊರಿನಲ್ಲಿ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ ಅದು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಕಲಿಸುತ್ತದೆ.

ಇಂಥ ತರಬೇತಿಯಲ್ಲಿ ಕಂಪ್ಯೂಟರ್ ಪಾಠವೆಂದರೆ ಕಬ್ಬಿಣ ಕತ್ತರಿಸುವ ಪಾಠ. ಮೊದಲ ದಿನಗಳಲ್ಲಿ ವಿದ್ಯಾರ್ಥಿ ವೈಸ್‌ಗೆ ಕಬ್ಬಿಣದ ತುಂಡು ಕಚ್ಚಿಸಿ ಅರದಿಂದ ಉಜ್ಜುತ್ತಾನೆ, ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಲೇತ್ ಮುಂದೆ ನಿಲ್ಲುವ ಹೊತ್ತಿಗೆ ಲೋಹದ ಗಡಸುತನ ಕೈಗೆ ಗೊತ್ತಾಗಿರುತ್ತದೆ. ಆಮೇಲೆ ಸಂಕೇತ ಭಾಷೆ: ಜಿ-00 ಎಂದರೆ ಹತಾರವನ್ನು ವೇಗವಾಗಿ ಸರಿಸು, ಜಿ-01 ಎಂದರೆ ನೇರ ಗೆರೆಯಲ್ಲಿ ಕತ್ತರಿಸುತ್ತ ಹೋಗು, ಜಿ-02 ಮತ್ತು ಜಿ-03 ಕಮಾನಿಗೆ, ಎಂ-03 ಎಂದರೆ ಸ್ಪಿಂಡಲ್ ತಿರುಗಲಿ, ಎಂ-05 ಎಂದರೆ ನಿಲ್ಲಲಿ, ಎಂ-30 ಎಂದರೆ ಕೆಲಸ ಮುಗಿಯಿತು. ಕೆಲವು ಕಂಟ್ರೋಲರ್‌ಗಳಲ್ಲಿ 50ರ ಮುಂದೆ ದಶಮಾಂಶ ಚುಕ್ಕೆ ಬಿಟ್ಟರೆ ಯಂತ್ರ ಅದನ್ನು 50 ಮಿಲಿಮೀಟರ್ ಎಂದು ತಿಳಿಯುವುದಿಲ್ಲ, 50 ಮೈಕ್ರಾನ್ ಎಂದು ತಿಳಿಯುತ್ತದೆ. ಒಂದು ಚುಕ್ಕೆಗೆ ಸಾವಿರ ಪಟ್ಟು ವ್ಯತ್ಯಾಸ. ಹತಾರ ಎಲ್ಲೋ ಹೋಗಿ ಚಕ್‌ಗೆ ಬಡಿಯಬಹುದು. ಆದ್ದರಿಂದ ಮೊದಲು ತೆರೆಯ ಮೇಲೆ ಸಿಮ್ಯುಲೇಷನ್, ಆಮೇಲೆ ಕಚ್ಚಾ ಲೋಹವಿಲ್ಲದೆ ಡ್ರೈ ರನ್, ಆಮೇಲೆ ಒಂದೊಂದೇ ಸಾಲಾಗಿ ಓಡಿಸುವ ಸಿಂಗಲ್ ಬ್ಲಾಕ್, ಕೊನೆಗೆ ನಿಜವಾದ ತುಂಡು. ಮೈಕ್ರೋಮೀಟರಿನಲ್ಲಿ ಅಳೆದಾಗ ನಕ್ಷೆಯಲ್ಲಿದ್ದ ಅಳತೆ ಬಂದರೆ ಪಾಸು.

ಕಂಪ್ಯೂಟರಿಗೆ ಹೇಳಿದ್ದರ ಫಲ ಕೈಯಲ್ಲಿ ಹಿಡಿದು ನೋಡಲು ಸಿಗುವುದು ಈ ತರಬೇತಿಯ ದೊಡ್ಡ ಗುಣ. ಶಾಲೆಯ ಲ್ಯಾಬಿನಲ್ಲಿ ‘ಮಾನಿಟರ್ ಎಂದರೇನು, ಮೌಸ್ ಎಂದರೇನು’ ಎಂದು ನೋಟ್ಸ್ ಬರೆಸುವ ಪಾಠಕ್ಕೂ ಇದಕ್ಕೂ ಅಜಗಜಾಂತರ. ಮಾಡುವ ಕೆಲಸಕ್ಕೆ ಬೇಕಾಗಿ ಬಂದ ಕಂಪ್ಯೂಟರನ್ನು ಯಾರೂ ಮರೆಯುವುದಿಲ್ಲ.

ಮುಂಡಗೋಡದಲ್ಲಿ ಆ ಕೆಲಸ ಗ್ರಂಥಗಳದು. 1966ರಲ್ಲಿ ಇಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು ಆರಂಭವಾಯಿತು, ಬಳಿಕ ಲಾಸಾ ಬಳಿಯ ಗಾಂದೆನ್ ಮತ್ತು ಡ್ರೆಪುಂಗ್ ಮಹಾವಿಹಾರಗಳು ಇಲ್ಲಿ ಮರುಸ್ಥಾಪನೆಗೊಂಡವು. ಊರವರ ಬಾಯಲ್ಲಿ ಲಾಮಾ ಕ್ಯಾಂಪ್ ಒಂದು, ಲಾಮಾ ಕ್ಯಾಂಪ್ ಎರಡು. ಅಂಗಳದಲ್ಲಿ ಚಪ್ಪಾಳೆ ತಟ್ಟಿ ವಾದ ಹೂಡುವ ಶತಮಾನಗಳ ಹಳೆಯ ಕಲಿಕಾ ಕ್ರಮ ಇಲ್ಲಿ ಜೀವಂತವಾಗಿದೆ. ಅದೇ ಅಂಗಳದ ಪಕ್ಕದಲ್ಲಿ ಹೊಸ ವಿಜ್ಞಾನವೂ ಬಂದಿದೆ. ದಲೈ ಲಾಮಾ ಅವರ ಆಶಯದಂತೆ ಅಮೆರಿಕದ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯ ರೂಪಿಸಿದ ವಿಜ್ಞಾನ ಪಾಠಕ್ರಮ 2014ರಿಂದ ದಕ್ಷಿಣದ ದೊಡ್ಡ ವಿಹಾರಗಳಲ್ಲಿ ಜಾರಿಗೆ ಬಂತು. ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನದ ಪುಸ್ತಕಗಳು ಟಿಬೆಟನ್ ಮತ್ತು ಇಂಗ್ಲಿಷ್ ಎರಡರಲ್ಲೂ ತಯಾರಾದವು. 2017ರ ಡಿಸೆಂಬರಿನಲ್ಲಿ ಡ್ರೆಪುಂಗ್ ಲೋಸೆಲಿಂಗ್‌ನಲ್ಲಿ ಧ್ಯಾನ ಮತ್ತು ವಿಜ್ಞಾನ ಕೇಂದ್ರವನ್ನು ದಲೈ ಲಾಮಾ ಉದ್ಘಾಟಿಸಿದರು.

ಟಿಬೆಟನ್ ಲಿಪಿ ಕಂಪ್ಯೂಟರಿಗೆ ಒಗ್ಗಿದ ಬಗೆ ಕನ್ನಡಿಗರಿಗೆ ಹತ್ತಿರದ ವಿಷಯ. ನಮ್ಮ ಒತ್ತಕ್ಷರದಂತೆ ಅಲ್ಲಿಯೂ ಅಕ್ಷರದ ಕೆಳಗೆ ಅಕ್ಷರ ಕೂರುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಒತ್ತಕ್ಷರ ಹಲಂತದ ಮೂಲಕ ಮೂಡುತ್ತದೆ. ಟಿಬೆಟನ್ನಿನಲ್ಲಿ ಕೆಳಗೆ ಕೂರುವ ಅಕ್ಷರಗಳಿಗೇ ಬೇರೆ ಸಂಕೇತ ಸಂಖ್ಯೆಗಳಿವೆ. 1996ರ ಯೂನಿಕೋಡ್ 2.0 ಆವೃತ್ತಿಯಲ್ಲಿ ಈ ಕ್ರಮ ನೆಲೆಗೊಂಡಿತು. ಆಮೇಲಿನ ದೊಡ್ಡ ಹೆಜ್ಜೆ ಇಟ್ಟವರು ಕರ್ನಾಟಕದ್ದೇ ಇನ್ನೊಂದು ವಸಾಹತಾದ ಬೈಲಕುಪ್ಪೆಯ ಸೆರಾ ಮೇ ವಿಹಾರದಲ್ಲಿ ಓದಿದ ಭಿಕ್ಷು ಗೆಶೆ ಲೋಬ್ಸಾಂಗ್ ಮೊನ್ಲಂ. ಅವರು ರೂಪಿಸಿದ ಮೊನ್ಲಂ ಅಕ್ಷರಗಳನ್ನು ಟಿಬೆಟನ್ ಬರೆಯುವವರು ಎಲ್ಲೆಡೆ ಬಳಸುತ್ತಾರೆ. ಅವರ ತಂಡ 2022ರ ಮೇ ತಿಂಗಳಲ್ಲಿ 223 ಸಂಪುಟಗಳ ಮಹಾನಿಘಂಟನ್ನು ಹೊರತಂದಿತು, ಮೊಬೈಲ್ ಆ್ಯಪ್‌ಗಳ ರೂಪದಲ್ಲೂ ಅದನ್ನು ಕೊಟ್ಟಿತು. ನೆಲೆ ಕಳೆದುಕೊಂಡ ಸಮುದಾಯವೊಂದು ತನ್ನ ನುಡಿಗಾಗಿ ತಂತ್ರಜ್ಞಾನವನ್ನು ಹೀಗೆ ದುಡಿಸಿಕೊಂಡಿರುವಾಗ, ಕೋಟಿಗಟ್ಟಲೆ ಜನ ಆಡುವ ಕನ್ನಡಕ್ಕೆ ಇನ್ನೂ ಹೆಚ್ಚಿನದನ್ನು ಕೇಳುವ ಹಕ್ಕಿದೆ.

ಇನ್ನು ಹಳಿಯಾಳ. 2004 ಇಲ್ಲಿ ನೆನಪಿಡಬೇಕಾದ ವರ್ಷ. ಬೆಳಗಾವಿಯ ಕರ್ನಾಟಕ ಲಾ ಸೊಸೈಟಿಯ ವಿಶ್ವನಾಥರಾವ್ ದೇಶಪಾಂಡೆ ಎಂಜಿನಿಯರಿಂಗ್ ಕಾಲೇಜು ಆ ವರ್ಷ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಉಪಗ್ರಹದಿಂದ ಪಾಠ ತಲುಪಿಸುವ ಪ್ರಯೋಗದಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಮುಂಚೂಣಿಯಲ್ಲಿತ್ತು. ಎಜುಸ್ಯಾಟ್ 2010ರಲ್ಲಿ ನಿವೃತ್ತವಾಯಿತು, ಕಾಲೇಜು ಬೆಳೆಯಿತು. ಹಿಂದೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗೆ ಮಕ್ಕಳನ್ನು ಕಳಿಸಿ ಹಾಸ್ಟೆಲ್ ಖರ್ಚು ಭರಿಸಲಾಗದ ಮನೆಗಳಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಸಿಗುವುದು ಸಣ್ಣ ಸಂಗತಿಯಲ್ಲ.

ಹಳಿಯಾಳದ ಇನ್ನೊಂದು ಸಂಸ್ಥೆ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ. ಇದರ ಮೂಲ 1982ರ ಉಜಿರೆಯಲ್ಲಿದೆ. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆ ಅವರೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಕೂಡಿ ಕಟ್ಟಿದ ರುಡ್‌ಸೆಟಿಯ ಮಾದರಿಯನ್ನೇ ಮುಂದೆ ಕೇಂದ್ರ ಸರ್ಕಾರ ದೇಶಕ್ಕೆಲ್ಲ ವಿಸ್ತರಿಸಿತು. ಹಳ್ಳಿಯ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಸಮೇತ ಉಚಿತ ತರಬೇತಿ. ಮುಗಿದ ಮೇಲೂ ಎರಡು ವರ್ಷ ಬೆನ್ನ ಹಿಂದೆ ನಿಂತು ಸಾಲ, ಅಂಗಡಿಗಳ ಬಗ್ಗೆ ವಿಚಾರಿಸುವುದು ಈ ಮಾದರಿಯ ಕ್ರಮ. ಆರ್‌ಸೆಟಿಗಳ ಪಟ್ಟಿಯಲ್ಲಿ ಹೊಲಿಗೆ, ಹೈನುಗಾರಿಕೆಯ ಜೊತೆಗೆ ಕಂಪ್ಯೂಟರ್ ಲೆಕ್ಕಪತ್ರ, ಮೊಬೈಲ್ ರಿಪೇರಿ, 45 ದಿನಗಳ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ತರಬೇತಿಗಳೂ ಇವೆ.

ಇಷ್ಟರಲ್ಲಿ ಮನೆಮನೆಗೆ ಮೊಬೈಲ್ ಬಂದಿದೆಯಲ್ಲ, ಲ್ಯಾಬು ಇನ್ನೇಕೆ ಎಂದು ಕೇಳುವವರಿದ್ದಾರೆ. 2024ರ ಅಸರ್ ಸಮೀಕ್ಷೆ ಇದಕ್ಕೆ ಒಂದು ಉತ್ತರ ಕೊಡುತ್ತದೆ. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಸಂಬಂಧಿಸಿದ ಯಾವುದಾದರೂ ಕೆಲಸಕ್ಕೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಫೋನು ನೋಡಲು, ಕೇಳಲು ಒಳ್ಳೆಯದು. ಲೆಕ್ಕದ ಹಾಳೆ ತುಂಬಲು, ನಾಲ್ಕು ಪುಟದ ವರದಿ ಟೈಪ್ ಮಾಡಲು, ಒಂದು ಪ್ರೋಗ್ರಾಂ ಬರೆದು ತಿದ್ದಲು ದೊಡ್ಡ ತೆರೆ, ಕೀಲಿಮಣೆ ಬೇಕೇ ಬೇಕು. ಸರ್ಕಾರಿ ನೌಕರರಿಗೆ 2012ರ ನಿಯಮದ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯವಾಗಿದೆ; ಅದನ್ನು ಮೊಬೈಲಿನ ಅಭ್ಯಾಸದಿಂದ ಪಾಸು ಮಾಡಲಾಗದು.

ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಅನೇಕ ಕಡೆ ಕಂಪ್ಯೂಟರ್ ಬಂದಿದೆ. ಸೆಲ್ಕೋದಂಥ ಸಂಸ್ಥೆಗಳು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಸೌರಶಕ್ತಿಯಿಂದ ನಡೆಯುವ ಸ್ಮಾರ್ಟ್ ಕ್ಲಾಸ್ ಮಾಡಿಕೊಟ್ಟಿವೆ. ಹಳೆಯ ಡಬ್ಬಿ ಮಾನಿಟರಿನ ಹತ್ತು ಡೆಸ್ಕ್‌ಟಾಪ್‌ಗಳಿಗೆ ಒಂದೂವರೆ ಕಿಲೋವ್ಯಾಟ್ ಬೇಕಾಗುತ್ತಿತ್ತು. ಈಗಿನ ಒಂದು ಲ್ಯಾಪ್‌ಟಾಪಿಗೆ ಐವತ್ತು ವ್ಯಾಟ್ ಸಾಕು. ಆದರೆ ಜೋಯಿಡಾದ ಜುಲೈನಲ್ಲಿ ಬಿಸಿಲೇ ಅಪರೂಪ. ಬಯಲುಸೀಮೆಗೆ ಹಾಕಿದ ಲೆಕ್ಕದಲ್ಲಿ ಇಲ್ಲಿಗೂ ಫಲಕ, ಬ್ಯಾಟರಿ ಕೊಟ್ಟರೆ ಮಳೆಗಾಲದ ಮೂರು ತಿಂಗಳು ತೆರೆ ಕಪ್ಪಾಗಿರುತ್ತದೆ.

ಒಂದು ಕೆಲಸವನ್ನು ಮಾತ್ರ ಯಾವ ಹೊಸ ಯೋಜನೆಗೂ ಕಾಯದೆ ಈ ನಾಲ್ಕು ತಾಲ್ಲೂಕುಗಳು ತಾವೇ ಮಾಡಿಕೊಳ್ಳಬಹುದು. ಹಾರ್ಡ್‌ವೇರ್ ತರಬೇತಿ ಕೊಡುವ ವ್ಯವಸ್ಥೆ ಆರ್‌ಸೆಟಿಯಲ್ಲಿದೆ, ಕಂಪ್ಯೂಟರ್ ಓದಿದ ಹುಡುಗ ಹುಡುಗಿಯರು ಐಟಿಐಗಳಿಂದಲೂ ಎಂಜಿನಿಯರಿಂಗ್ ಕಾಲೇಜಿನಿಂದಲೂ ಪ್ರತಿ ವರ್ಷ ಹೊರಬರುತ್ತಾರೆ, ಸಣ್ಣಪುಟ್ಟ ದೋಷಕ್ಕೆ ಬೀಗ ಬಿದ್ದ ಲ್ಯಾಬುಗಳು ಶಾಲೆಗಳಲ್ಲಿವೆ. ಇವನ್ನು ಬೆಸೆಯುವ ಕೊಂಡಿಯೊಂದೇ ಇಲ್ಲ. ಹೋಬಳಿಗೊಬ್ಬರಂತೆ ಸ್ಥಳೀಯ ತಂತ್ರಜ್ಞರನ್ನು ಶಾಲಾಭಿವೃದ್ಧಿ ಸಮಿತಿಗಳು ಕೂಡಿ ವಾರ್ಷಿಕ ಒಪ್ಪಂದದ ಮೇಲೆ ಗೊತ್ತು ಮಾಡಿಕೊಂಡರೆ ಮೇ ಕೊನೆಯ ವಾರ ಅವರು ಶಾಲೆಯಿಂದ ಶಾಲೆಗೆ ಹೋಗಿ ಸೆಲ್ ಬದಲಿಸಬಹುದು, ರ‍್ಯಾಮ್ ಉಜ್ಜಬಹುದು, ಯುಪಿಎಸ್ ಬ್ಯಾಟರಿ ಪರೀಕ್ಷಿಸಬಹುದು, ಸರ್ಕಾರದ ‘ದೀಕ್ಷಾ’ ಜಾಲತಾಣದ ಕನ್ನಡ ಪಾಠಗಳನ್ನೂ ಜಿಯೋಜೀಬ್ರಾವನ್ನೂ ಪೇಟೆಯಲ್ಲೇ ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಒಯ್ದು ಹಾಕಿಕೊಡಬಹುದು. ಮಳೆ ಹಿಡಿದ ಮೇಲೆ ಆಗಸ್ಟಿನಲ್ಲಿ ಇನ್ನೊಂದು ಸುತ್ತು ಬರಬೇಕು, ತೇವದ ಹಾನಿ ಹೆಚ್ಚು ಕಾಣುವುದು ಆಗಲೇ. ಒಪ್ಪಂದದಲ್ಲಿ ಇನ್ನೊಂದು ಷರತ್ತೂ ಇರಬೇಕು: ಪ್ರತಿ ರಿಪೇರಿಯೂ ಒಂಬತ್ತನೆಯ ತರಗತಿಯ ಮಕ್ಕಳ ಎದುರಿಗೇ ನಡೆಯಬೇಕು, ಸ್ಕ್ರೂ ಬಿಚ್ಚುವವರು ಆ ಮಕ್ಕಳೇ ಆಗಬೇಕು.